ಮಕ್ಕಳು ಮಲಗಿದ ಮೇಲಿನ 20 ನಿಮಿಷ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಪಾಳಣಾಘರದಲ್ಲಿ, ಅಂದರೆ ಹಗಲು ಹೊತ್ತು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗದಲ್ಲಿ, ಮಧ್ಯಾಹ್ನ 1 ಗಂಟೆಗೆ ಮಕ್ಕಳು ಮಲಗುತ್ತಾರೆ. ವಾರಕ್ಕೊಮ್ಮೆ ಆ ಹೊತ್ತಿನಲ್ಲಿ ನೋಡಿಕೊಳ್ಳುವ ನಾವೆಲ್ಲ ಕೂತು ಮಕ್ಕಳ ಬಗ್ಗೆ ಮಾತಾಡುತ್ತೇವೆ. ನೀವೂ ಮಾಡಿ. ಒಬ್ಬರು ಮಾತ್ರ ಮಕ್ಕಳ ಹತ್ತಿರವೇ ಇರಲಿ.

ಒಂದೇ ಒಂದು ಘಟನೆ ಆರಿಸಿಕೊಳ್ಳಿ. ಕಂಡದ್ದನ್ನು ಕಂಡ ಹಾಗೆ ಬರೆದು ತನ್ನಿ. "ಪಾಪು ತುಂಬಾ ಹಟ" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಅಮ್ಮ ಹೋದಳು, 10 ತಿಂಗಳ ಪಾಪು ಬಾಗಿಲವರೆಗೂ ಅಂಬೆಗಾಲಿಟ್ಟು ಹೋಗಿ, ಅವಳ ಚಪ್ಪಲಿ ಇದ್ದ ಜಾಗ ಮುಟ್ಟಿ ನೋಡಿ, ಆಮೇಲೆ ಅತ್ತಿತು" ಅಂತ ಬರೆದರೆ ಎಲ್ಲರ ತಲೆ ಓಡುತ್ತದೆ. ಸುಮಾರು 8 ತಿಂಗಳ ಹೊತ್ತಿಗೆ, ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅಂತ ಮಗುವಿಗೆ ಗೊತ್ತಾಗತೊಡಗುತ್ತದೆ, ಆದರೆ ಯಾವಾಗ ಬರುತ್ತಾಳೆ ಅನ್ನುವುದು ತಿಳಿಯುವುದಿಲ್ಲ. ಅದು ಹಟ ಅಲ್ಲ, ಅಲ್ವಾ?

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಆಗ ನಾನೇನು ಮಾಡಿದೆ? ಎತ್ತಿಕೊಂಡೆನಾ, ಸುಮ್ನೆ ಗಿಲಕಿ ಆಡಿಸಿದೆನಾ? ನನ್ನ ಪ್ರಕಾರ ಇದೇ ಜಾಸ್ತಿ ಕಷ್ಟ. "ನೀನ್ಯಾಕೆ ಹಾಗೆ ಮಾಡಿದೆ" ಅಂತ ಯಾರೂ ಯಾರನ್ನೂ ಕೇಳಬಾರದು, ಕೇಳಿದರೆ ಮುಂದಿನ ವಾರ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂರುತ್ತಾರೆ.

ಮಾವಶಿಗೆ, ಅಂದರೆ ಮಕ್ಕಳ ಆರೈಕೆ ಮಾಡುವ ಸಹಾಯಕಿಗೆ, ಮೊದಲ ಮಾತು ಕೊಡಿ. ಡೈಪರ್ ಬದಲಿಸುವಾಗ, ಉಣ್ಣಿಸುವಾಗ ಅವರು ಕಂಡಷ್ಟು ಟೀಚರ್ ಕಂಡಿರುವುದಿಲ್ಲ. ಅವರು ಮರಾಠಿಯಲ್ಲೇ ಹೇಳಲಿ, ನಾನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

ಮಕ್ಕಳ ಫೋಟೋ ವಾಟ್ಸಾಪ್‌ಗೆ ಹಾಕಬೇಡಿ.

ಮಾತು ಮುಗಿಸಿ ಏಳುವ ಮುಂಚೆ ಒಂದೇ ಬದಲಾವಣೆ ಗೊತ್ತು ಮಾಡಿಕೊಳ್ಳಿ. ನಾವು ಮಾಡಿದ್ದು ಇಷ್ಟೇ: ಅಮ್ಮ ಕದ್ದು ಹೋಗುವುದು ಬೇಡ, ಮುಖ ನೋಡಿ ಟಾಟಾ ಹೇಳಿಯೇ ಹೋಗಲಿ. ಮುಂದಿನ ವಾರ ಅದೇ ಮಗುವಿನಿಂದ ಮಾತು ಶುರು ಮಾಡಿ.