ಜಾತಕದಲ್ಲಿ ಕುಜ (ಮಂಗಳ) ಹುಬ್ಬಾ ನಕ್ಷತ್ರದಲ್ಲಿದ್ದರೆ ಓದುವುದು ಹೇಗೆ?

ರಾಶಿ ಬಿಟ್ಟು ಮೊದಲು ಡಿಗ್ರಿ ನೋಡಿ. ಒಂದು ನಕ್ಷತ್ರ 13°20', ಅದರ ಕಾಲು ಭಾಗವಾದ ಒಂದು ಪಾದ 3°20'. ಕುಜ ಸಿಂಹದ 15°ಯಲ್ಲಿದ್ದಾನೆ ಎನ್ನಿ. ಹುಬ್ಬಾ ಸಿಂಹದ 13°20'ಕ್ಕೆ ಶುರು, ಹಾಗಾಗಿ ಇದು 1ನೇ ಪಾದ. ನವಾಂಶವೂ (ರಾಶಿಯನ್ನು ಒಂಬತ್ತು ಪಾಲು ಮಾಡಿದಾಗ ಆ ಪಾಲಿಗೆ ಬರುವ ರಾಶಿ) ಸಿಂಹವೇ. ಎರಡರಲ್ಲೂ ಒಂದೇ ರಾಶಿ, ಅಂದರೆ ಕುಜ ವರ್ಗೋತ್ತಮ. ಇದನ್ನು ಗಮನಿಸದೆ ಫಲ ಹೇಳುವವರೇ ಹೆಚ್ಚು.

ಈಗ ನಕ್ಷತ್ರಾಧಿಪತಿ ಶುಕ್ರನನ್ನು ಹುಡುಕಿ. ಕುಜನ ಛಲಕ್ಕೆ ದಾರಿ ತೋರಿಸುವವನು ಅವನು. ಶುಕ್ರ ಮೀನದಲ್ಲಿ ಉಚ್ಚನಾದರೆ ಆ ಛಲ ಕಲೆ, ಅಲಂಕಾರ, ದಾಂಪತ್ಯದ ಕಡೆ ಹರಿಯುತ್ತದೆ ಎನ್ನುತ್ತದೆ ಪದ್ಧತಿ. ಕನ್ಯೆಯಲ್ಲಿ ನೀಚನಾದರೆ ಅಲ್ಲೇ ಜಗಳ. ಶುಕ್ರ ಜಾತಕದ ಯಾವ ಭಾವದಲ್ಲಿದ್ದಾನೆ (ಯಾವ ಮನೆಯಲ್ಲಿ), ಯಾವ ಭಾವಗಳ ಒಡೆಯ ಎಂಬುದನ್ನೂ ಸೇರಿಸಿ. ಬರೀ ‘ಹುಬ್ಬಾ ಸುಖಪ್ರಿಯ’ ಎಂದು ಮುಗಿಸಬೇಡಿ.

ಎಡವಟ್ಟು ಆಗುವುದು ಗಡಿಯಲ್ಲಿ. ರಾಶಿಚಕ್ರದ ಡಿಗ್ರಿ ಎಲ್ಲಿಂದ ಎಣಿಸಬೇಕು ಎಂದು ತೀರ್ಮಾನಿಸುವ ಲೆಕ್ಕವೇ ಅಯನಾಂಶ. ಲಾಹಿರಿ, ರಾಮನ್ ಅಯನಾಂಶಗಳ ನಡುವೆ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸವಿದೆ. ಲಾಹಿರಿಯಲ್ಲಿ ಸಿಂಹದ 13°ಯಲ್ಲಿರುವ ಕುಜ ಮಘಾ ನಕ್ಷತ್ರದಲ್ಲಿ, ರಾಮನ್‌ನಲ್ಲಿ ಹುಬ್ಬಾದಲ್ಲಿ.

ಇನ್ನು ಹುಟ್ಟಿದ ಊರು. ಕಲಬುರಗಿಯಲ್ಲಿ ಹುಟ್ಟಿದ ಮಗುವಿಗೆ ಆ್ಯಪ್‌ನಲ್ಲಿ ಬೆಂಗಳೂರು ಹಾಕಿದರೂ ಕುಜ ಕದಲುವುದಿಲ್ಲ, ಲಗ್ನ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ಬಿಂದು) ಕದಲುತ್ತದೆ. ಕಲಬುರಗಿಯ ಸ್ಥಳೀಯ ಸಮಯ ಐಎಸ್‌ಟಿಗಿಂತ (ಭಾರತದ ಗಡಿಯಾರದ ಸಮಯಕ್ಕಿಂತ) ಸುಮಾರು 23 ನಿಮಿಷ ಹಿಂದೆ. ಆ್ಯಪ್ ಅದನ್ನು ತಾನೇ ಕಳೆಯುತ್ತದೆ, ನೀವು ಮತ್ತೆ ಕಳೆಯಬೇಡಿ.