ಪ್ರಾಕ್ಸಿ ಹಿಂದೆ ಕೂತ ಪೈಥಾನ್: ನನ್ನ ಅನುಭವ

ಕೆಲಸ ಸಣ್ಣದು. ದಿನಾ ಬೆಳಿಗ್ಗೆ ಒಂದು ಎಪಿಐಯಿಂದ (ಪ್ರೋಗ್ರಾಂಗಳಿಗೆ ಡೇಟಾ ಕೊಡುವ ವೆಬ್ ವಿಳಾಸ) ಡೇಟಾ ತಂದು ಫೈಲಿಗೆ ಬರೆಯಬೇಕು. ಮನೆಯಲ್ಲಿ ಹತ್ತು ಸಾಲಿನ ಪೈಥಾನ್ ಸಾಕಾಗಿತ್ತು. ಆಫೀಸಿನ ಸರ್ವರ್‌ಗೆ ಹಾಕಿದರೆ ಬರೀ ಟೈಮ್‌ಔಟ್. ಅಲ್ಲಿಂದ ಏನೇ ಹೊರಗೆ ಹೋಗಬೇಕಾದರೂ 3128ನೇ ಪೋರ್ಟಿನಲ್ಲಿದ್ದ ಸ್ಕ್ವಿಡ್ ಎಂಬ ಪ್ರಾಕ್ಸಿಯನ್ನು, ಅಂದರೆ ನಮ್ಮ ಪರವಾಗಿ ಹೊರಗಿನ ಸೈಟುಗಳನ್ನು ಮುಟ್ಟುವ ಮಧ್ಯವರ್ತಿಯನ್ನು, ಕೇಳಿಕೊಂಡೇ ಹೋಗಬೇಕಿತ್ತು.

ಪೈಥಾನಿನಿಂದ ಸೈಟುಗಳ ಜೊತೆ ಮಾತಾಡಲು ಬಳಸುವ ರಿಕ್ವೆಸ್ಟ್ಸ್ ಲೈಬ್ರರಿಗೆ ಪ್ರಾಕ್ಸಿ ವಿಳಾಸವನ್ನು ಒಂದು ಡಿಕ್ಷನರಿಯಲ್ಲಿ (ಕೀ, ವ್ಯಾಲ್ಯೂ ಜೋಡಿಗಳ ಪಟ್ಟಿ) ಕೊಟ್ಟರಾಯಿತು. ಅಲ್ಲೇ ಎಡವಿದೆ. ಕೀ ಎಚ್‌ಟಿಟಿಪಿಎಸ್ ಅಂತ ಇದೆಯಲ್ಲ, ಪ್ರಾಕ್ಸಿ ವಿಳಾಸದ ಮುಂದೆಯೂ ಅದೇ ಇರಬೇಕು ಅಂದುಕೊಂಡೆ. 'ರಾಂಗ್ ವರ್ಷನ್ ನಂಬರ್' ಎಂಬ ಎಸ್‌ಎಸ್‌ಎಲ್ ಎರರ್ ಬಂತು. ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಹೊಸ ರೂಪ, ಎಚ್‌ಟಿಟಿಪಿಎಸ್ ಮಾತನ್ನು ಗೂಢಲಿಪಿಯಾಗಿಸುವುದು) ವರ್ಷನ್ ಹುಡುಕುತ್ತಾ ಅರ್ಧ ದಿನ ಹಾಳಾಯಿತು. ಕೀ ಹೇಳುವುದು ನಾವು ಹೋಗಬೇಕಾದ ಸೈಟ್ ಎಂಥದ್ದು ಅಂತ. ವ್ಯಾಲ್ಯೂ ಹೇಳುವುದು ಪ್ರಾಕ್ಸಿ ಜೊತೆ ಹೇಗೆ ಮಾತಾಡಬೇಕು ಅಂತ. ನಮ್ಮ ಪ್ರಾಕ್ಸಿಗೆ ಸಾದಾ ಎಚ್‌ಟಿಟಿಪಿ ಮಾತ್ರ ಅರ್ಥವಾಗುತ್ತಿತ್ತು. ರಿಕ್ವೆಸ್ಟ್ಸ್ ಒಳಗೆ ಕೆಲಸ ಮಾಡುವ ಹಳೇ ಯುಆರ್‌ಎಲ್‌ಲಿಬ್3 ಲೈಬ್ರರಿ ಈ ತಪ್ಪನ್ನು ಸುಮ್ನೆ ನುಂಗಿಕೊಳ್ಳುತ್ತಿತ್ತು. 2020ರಲ್ಲಿ ಬಂದ 1.26ನೇ ಆವೃತ್ತಿಯಿಂದ ಬರೆದದ್ದನ್ನು ಹಾಗೇ ನಂಬುತ್ತದೆ.

ಸಿಟ್ಟು ಬಂದು ಲೈಬ್ರರಿ ಪಕ್ಕಕ್ಕಿಟ್ಟೆ. ಪ್ರಾಕ್ಸಿಗೆ ಸಾಕೆಟ್ (ನೇರ ನೆಟ್‌ವರ್ಕ್ ಸಂಪರ್ಕ) ತೆರೆದು ನಾನೇ ಬರೆದೆ: 'ಕನೆಕ್ಟ್', ಸೈಟಿನ ಹೆಸರು, ಎಚ್‌ಟಿಟಿಪಿಎಸ್‌ನ ಪೋರ್ಟ್ 443, ಕೊನೆಗೊಂದು ಖಾಲಿ ಸಾಲು. ಪ್ರಾಕ್ಸಿ 200 ಅಂದರೆ ಸುರಂಗ ತೆರೆಯಿತು ಅಂತ ಅರ್ಥ. ಆಮೇಲೆ ಅದೇ ಸಾಕೆಟ್ಟಿನ ಮೇಲೆ ಟಿಎಲ್‌ಎಸ್ ಶುರು ಮಾಡಬಹುದು. ಪ್ರಾಕ್ಸಿಗೆ ಕಾಣುವುದು ಸೈಟಿನ ಹೆಸರು, ಒಳಗೆ ಹರಿಯುವ ಗೂಢಲಿಪಿಯ ಬೈಟುಗಳು, ಅಷ್ಟೆ. ಇಷ್ಟು ದಿನ ಲೈಬ್ರರಿ ಮಾಡುತ್ತಿದ್ದದ್ದು ಇದನ್ನೇ ಅಲ್ವಾ! ಆದರೆ ನನಗೆ ಸಿಕ್ಕಿದ್ದು 200 ಅಲ್ಲ, 407. ಹೆಸರು, ಪಾಸ್‌ವರ್ಡ್ ಕೊಡು ಅಂತ.

ವಾಪಸ್ ರಿಕ್ವೆಸ್ಟ್ಸ್‌ಗೆ ಬಂದು ವಿಳಾಸದಲ್ಲೇ ಪಾಸ್‌ವರ್ಡ್ ಸೇರಿಸಿದೆ. ಅದರಲ್ಲಿ ಒಂದು @, ಒಂದು / ಇದ್ದವು. ವಿಳಾಸದ ಭಾಗಗಳನ್ನು ಬೇರ್ಪಡಿಸುವ ಗುರುತುಗಳೂ ಅವೇ ಆದ್ದರಿಂದ ವಿಳಾಸ ಅಡ್ಡಾದಿಡ್ಡಿ ಒಡೆಯಿತು. @ ಅನ್ನು %40 ಮಾಡಬೇಕು. ಅದಕ್ಕೆ ಪೈಥಾನಿನಲ್ಲಿ ಕೋಟ್ ಫಂಕ್ಷನ್ ಇದೆ, ಆದರೆ ಅದು / ಅನ್ನು ಮುಟ್ಟುವುದಿಲ್ಲ. 'ಸೇಫ್' ಎಂಬ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಕೊಟ್ಟರೆ ಮಾತ್ರ ಅದೂ ಬದಲಾಗುತ್ತದೆ.

ಮುಂದಿನದು ಸರ್ಟಿಫಿಕೇಟ್ (ಸೈಟಿನ ಗುರುತುಪತ್ರ) ಎರರ್. ಕೆಲವು ಸೈಟುಗಳಿಗೆ ನಮ್ಮ ಪ್ರಾಕ್ಸಿ ಸುರಂಗವನ್ನು ನಡುವೆಯೇ ಬಿಚ್ಚಿ, ತನ್ನದೇ ಸರ್ಟಿಫಿಕೇಟ್ ಹಚ್ಚಿ ಕಳಿಸುತ್ತಿತ್ತು. 'ವೆರಿಫೈ ಫಾಲ್ಸ್ ಹಾಕಿಬಿಡಿ' ಎಂದರು ಪಕ್ಕದವರು, ಅಂದರೆ ಸರ್ಟಿಫಿಕೇಟ್ ಪರೀಕ್ಷಿಸುವುದನ್ನೇ ನಿಲ್ಲಿಸಿ ಅಂತ. ಬಾಗಿಲಿಗೆ ಬೀಗ ಹಾಕಿ ಕೀಲಿ ಅದಕ್ಕೇ ನೇತುಹಾಕಿದ ಹಾಗೆ ಅದು. ಕಂಪನಿಯ ರೂಟ್ ಸರ್ಟಿಫಿಕೇಟ್ ಫೈಲ್ ಕೇಳಿ ಪಡೆದು, ವೆರಿಫೈಗೆ ಅದರ ದಾರಿ ಕೊಟ್ಟೆ.

ಕೈಯಿಂದ ಓಡಿಸಿದರೆ ಸರಿ, ಬೆಳಿಗ್ಗೆ ಕ್ರಾನ್ (ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಓಡಿಸಿದರೆ ಮತ್ತೆ ಟೈಮ್‌ಔಟ್. ಪ್ರಾಕ್ಸಿ ವಿಳಾಸವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸರಿಸಿ, ನಾನು ಕಮಾಂಡ್ ಟೈಪಿಸುವ ಬ್ಯಾಷ್‌ನ ಆರಂಭದ ಫೈಲಿನಲ್ಲಿ ಬರೆದಿದ್ದೆ. ಕ್ರಾನ್ ಅದನ್ನು ಓದುವುದೇ ಇಲ್ಲ. ಈಗ ಪ್ರೋಗ್ರಾಂ ಶುರುವಾದ ಕೂಡಲೇ ತನಗೆ ಯಾವ ಪ್ರಾಕ್ಸಿ ಕಾಣುತ್ತಿದೆ ಅಂತ ಲಾಗಿಗೆ ಬರೆಯುತ್ತದೆ. ಮೊದಲ ದಿನ ಪಾಸ್‌ವರ್ಡ್ ಸಮೇತ ಬರೆದಿತ್ತು.