ಹಾಜರಿ ಪುಸ್ತಕದಿಂದ ಮನೆಯವರೆಗೆ: ಶಾಲಾ ಸಮಾಜಕಾರ್ಯ ಕಲಿಸುವಲ್ಲಿ ನನ್ನ ಅನುಭವ

ಎಂ.ಎಸ್‌.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆಂದು ಪೀಣ್ಯ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಿಗೆ ಕಳುಹಿಸುವಾಗ, ಆಪ್ತಸಮಾಲೋಚನೆಯ ತಂತ್ರಗಳನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಹಾಜರಿ ಪುಸ್ತಕ ಓದಿರಿ ಎಂದು ಹೇಳುತ್ತೇನೆ. ಮಗುವನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು ಮಾತನಾಡಿಸುವ ಆತುರ ಹೊಸಬರಲ್ಲಿ ಸಹಜ. ಆದರೆ ನಾನು ಕಂಡ ಶಾಲೆಗಳಲ್ಲಿ ಅಂಥ ಕೋಣೆ ಸಿಗುವುದೇ ಅಪರೂಪ, ಸಿಕ್ಕರೂ ಅರ್ಧ ಭಾಗ ಬಿಸಿಯೂಟದ ಅಕ್ಕಿ ಮೂಟೆಗಳಿಗೆ ಮೀಸಲು.

ಏಳನೆಯ ತರಗತಿಯ ಒಬ್ಬ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಅಲ್ಲೊಂದು ಇಲ್ಲೊಂದು ಇರದೆ, ವಾರಗಟ್ಟಲೆ ಸಾಲಾಗಿ ಬಂದು, ನಡುವೆ ನಿಂತು, ಮತ್ತೆ ಶುರುವಾಗಿದ್ದವು. ಓದಿನಲ್ಲಿ ಆಸಕ್ತಿಯಿಲ್ಲವೆಂದು ಶಿಕ್ಷಕಿ ಹೇಳಿದ್ದರು. ನನ್ನ ವಿದ್ಯಾರ್ಥಿನಿ ಆ ದಿನಾಂಕಗಳನ್ನು ಬರೆದುಕೊಂಡು, ತಾಯಿ ಗಾರ್ಮೆಂಟ್ಸ್‌ನಿಂದ ಬರುವ ಹೊತ್ತಿಗೆ ಮನೆಗೆ ಹೋದಳು, ನಾನೂ ಜೊತೆಗಿದ್ದೆ. ಶೀಟಿನ ಮನೆ, ಹುಡುಗಿಯ ಸೊಂಟದಲ್ಲಿ ಎರಡು ವರ್ಷದ ತಮ್ಮ. ಅವನನ್ನು ನೋಡಿಕೊಳ್ಳುವ ಅಜ್ಜಿ ಯಾದಗಿರಿ ಕಡೆಯ ಊರಿಗೆ ಹೋದಾಗಲೆಲ್ಲ ಅಕ್ಕನ ಶಾಲೆ ನಿಲ್ಲುತ್ತಿತ್ತು. "ನಾ ಕೆಲಸ ಬಿಟ್ರ ಬಾಡಿಗಿ ಯಾರ್ ಕಟ್ತಾರ್ರೀ ಮೇಡಂ?" ಎಂದರು ತಾಯಿ.

ಹುಡುಗಿಗೆ ಬುದ್ಧಿ ಹೇಳಿ ಬಗೆಹರಿಯುವ ವಿಷಯ ಇದಾಗಿರಲಿಲ್ಲ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ 3 ವರ್ಷ ತುಂಬಿದವರಿಗೆ. ಆದರೆ 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ 6 ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 48ನೆಯ ಕಲಮು ವಿಧಿಸಿತ್ತು. ತಾಯಿಯ ಕಾರ್ಖಾನೆಯಲ್ಲೂ ಕೊಠಡಿಯಿತ್ತು. ಮಗುವನ್ನು ಅಲ್ಲಿ ಬಿಡಬಹುದೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಮುಖ್ಯ ಶಿಕ್ಷಕರ ಪತ್ರ ಹಿಡಿದು ಎಚ್‌.ಆರ್‌. ವಿಭಾಗದವರನ್ನು ಕಂಡ ಮೇಲೆ ತಮ್ಮನಿಗೆ ಜಾಗ ಸಿಕ್ಕಿತು, ಅಕ್ಕ ಶಾಲೆಗೆ ಮರಳಿದಳು. ಗಣಿತದಲ್ಲಿ ಅವಳು ಹಿಂದೆ ಬಿದ್ದಿದ್ದನ್ನು ಸರಿಪಡಿಸುವುದು ಮಾತ್ರ ಇದಕ್ಕಿಂತ ದೀರ್ಘವಾದ ಕೆಲಸವಾಯಿತು.

ಆ ಪತ್ರ ಸಿಕ್ಕಿದ್ದು ಶಿಕ್ಷಕರೊಡನೆ ಜಗಳವಾಡದೆ ಇದ್ದುದರಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆಯೆಂದು ಮೊದಲ ದಿನವೇ ಸ್ಟಾಫ್‌ ರೂಮಿನಲ್ಲಿ ಭಾಷಣ ಮಾಡಿದವರಿಗೆ ಆಮೇಲೆ ಯಾವ ಶಿಕ್ಷಕರೂ ಮನಬಿಚ್ಚಿ ಮಾತನಾಡುವುದಿಲ್ಲ. ಹೊಡೆತ ಕಣ್ಣಿಗೆ ಬಿದ್ದರೆ ಸುಮ್ಮನಿರಬೇಕೆಂದಲ್ಲ. ಅದನ್ನು ಮುಖ್ಯ ಶಿಕ್ಷಕರ ಬಳಿ ಎತ್ತುವುದು ಮೇಲ್ವಿಚಾರಕಿಯಾದ ನನ್ನ ಹೊಣೆ.

ರಿಯಾಯಿತಿಯೇ ಇಲ್ಲದ ನಿಯಮ ಇನ್ನೊಂದಿದೆ. "ಯಾರಿಗೂ ಹೇಳಬೇಡಿ ಮಿಸ್" ಎಂದು ಮಗು ಕೇಳಿಕೊಂಡಾಗ ಹೇಳುವುದಿಲ್ಲವೆಂದು ಮಾತು ಕೊಡಕೂಡದು. ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಶಾಲೆಯ ಮರ್ಯಾದೆಯ ಪ್ರಶ್ನೆಯೆಂದು ಯಾರು ತಡೆದರೂ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆದ್ದರಿಂದ "ನಿನ್ನ ಸುರಕ್ಷತೆಗೆ ಬೇಕಾದವರಿಗಷ್ಟೇ ಹೇಳುತ್ತೇನೆ, ಅದನ್ನೂ ಮೊದಲು ನಿನಗೆ ತಿಳಿಸುತ್ತೇನೆ" ಎಂಬ ಮಾತನ್ನು ಕಾಲೇಜಿನಲ್ಲೇ ವಿದ್ಯಾರ್ಥಿಗಳನ್ನು ಜೋಡಿಯಾಗಿ ಎದುರುಬದುರು ಕೂರಿಸಿ, ತಡವರಿಸದೆ ಬಾಯಿಗೆ ಬರುವವರೆಗೆ ಆಡಿಸುತ್ತೇನೆ. ಅದಾದ ಬಳಿಕವೇ ಅವರು ಶಾಲೆಯ ಮೆಟ್ಟಿಲು ಹತ್ತುವುದು.